ಮೇಷ್ಟರಿಗೆ ಕೊಟ್ಟ ಶೇರ್ವಾನಿ

ಅವರ ಎಡಗೈ ತೋರುಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಹಿಂದೊಮ್ಮೆ ಯಾರಿಗೋ ಹಿಂದಿ ಸಿನಿಮಾದ ಕಥೆ ಹೇಳುತ್ತಾ ಮೆಷೀನು ತುಳಿಯುವಾಗ ಸೂಜಿ ಬೆರಳೊಳಗೇ ಇಳಿದಿತ್ತಂತೆ. ಶಿರಾದಲ್ಲಿ ಎಲ್ಲರೂ ಅವರನ್ನು ಟೈಲರ್ ಸಾಬರು ಎನ್ನುತ್ತಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿನ ಶಾಲೆಗೆ ಮೇಷ್ಟರಾಗಿ ಹೋದಾಗ, ಸಂಜೆ ಹೊತ್ತು ಕಳೆಯಲು ಇದ್ದದ್ದು ಅವರ ಅಂಗಡಿಯ ಬೆಂಚೊಂದೇ.

ಹೊಸ ಹಿಂದಿ ಪಿಕ್ಚರ್ ಬಂದರೆ ಶುಕ್ರವಾರ ನಮಾಜು ಮುಗಿಸಿ ನೇರ ಟಾಕೀಸಿಗೆ ಹೋಗುತ್ತಿದ್ದರು. ಮರುದಿನ ಅಂಗಡಿಯಲ್ಲಿ ಅದರ ಪೋಸ್ಟ್‌ಮಾರ್ಟಂ. "ನಮ್ಮೋರು ಅಂದ್ರೆ ನವಾಬ, ಇಲ್ಲಾಂದ್ರೆ ಸ್ಮಗ್ಲರು. ಮನೇಲಿ ಉಣ್ಣಾಕೆ ಕೂತ್ರೂ ಶೇರ್ವಾನಿ. ಬನೀನು ಹಾಕ್ಕಂಡು ಮುದ್ದೆ ಉಣ್ಣೋ ಸಾಬಿ ಒಬ್ನೂ ಸಿಗಲ್ವಾ ಮೇಷ್ಟ್ರೇ ಇವ್ರಿಗೆ?" ಎನ್ನುತ್ತಿದ್ದರು. ನಾನು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆ. ಅದರಲ್ಲಿ ನೋವಿದೆಯೆಂದು ತಿಳಿಯುವಷ್ಟು ಬುದ್ಧಿ ನನಗಿರಲಿಲ್ಲ.

ಒಂದು ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಮೇಷ್ಟರುಗಳೇ ನಾಟಕ ಆಡಬೇಕೆಂದಾಯಿತು. ಬರೆದವನು ನಾನೇ. ನೋಡಿದ ಹಿಂದಿ ಸಿನಿಮಾಗಳನ್ನೆಲ್ಲ ಹಿಂಡಿ ತೆಗೆದ ಕಥೆ: ಕಣ್ಣಿಗೆ ಸುರ್ಮಾ ಹಚ್ಚಿ, ಮಾತಿಗೊಮ್ಮೆ ದೇವರ ಹೆಸರೆತ್ತಿ, ಚಿನ್ನ ಕದ್ದು ಸಾಗಿಸುವ ಒಬ್ಬ ಖಾನ, ಅವನನ್ನು ಸದೆಬಡಿಯುವ ಇನ್ಸ್‌ಪೆಕ್ಟರು. ಖಾನನ ಪಾತ್ರವೂ ನನ್ನದೇ. ಶೇರ್ವಾನಿ ಬೇಕಿತ್ತು. ಸಾಬರ ಬಳಿ ಹೋಗಿ ನವಾಬನ ಪಾತ್ರ ಮಾಡುತ್ತಿದ್ದೇನೆ ಎಂದೆ. ಹಸಿ ಸುಳ್ಳು.

ಅವರು ತಮ್ಮ ಮದುವೆಯ ಶೇರ್ವಾನಿಯನ್ನೇ ಟ್ರಂಕಿನಿಂದ ತೆಗೆದರು. ನನ್ನ ಬಡಕಲು ಮೈಗೆ ಹೊಂದಲೆಂದು ಹೊಲಿಗೆ ಬಿಚ್ಚಿ ಒಳಗೆ ಹಿಡಿದರು. "ನೆಟ್ಟಗೆ ನಿಂತ್ಕಳಿ ಮೇಷ್ಟ್ರೇ, ನವಾಬ್ರು ಇಂಗೆಲ್ಲಾ ಬೆನ್ನು ಬಗ್ಗುಸ್ಕಂಡು ನಿಲ್ಲಲ್ಲ" ಎಂದು ಬೆನ್ನು ತಟ್ಟಿದರು.

ನಾಟಕದ ದಿನ ಎರಡನೇ ಸಾಲಿನಲ್ಲಿ ಬಂದು ಕುಳಿತರು. ಮಗಳಿಗೆ ಜ್ವರವೆಂದು ಮನೆಯವರನ್ನು ಕರೆತಂದಿರಲಿಲ್ಲ. ಇನ್ಸ್‌ಪೆಕ್ಟರು ನನ್ನ ಕೊರಳಪಟ್ಟಿ ಹಿಡಿದು ಕಪಾಳಕ್ಕೆ ಬಿಗಿದ. ಪಟ್ಟಿ ಪರ್ರನೆ ಹರಿಯಿತು. "ಇನ್ನೊಂದ್ ಬಿಡ್ಲಾ ಆ ಸಾಬಿಗೆ" ಎಂದು ಜನ ಕೂಗಿದರು. ಎಲ್ಲರಿಗಿಂತ ಜೋರಾಗಿ ನಕ್ಕವರು, ಕೈ ಮೇಲೆತ್ತಿ ಚಪ್ಪಾಳೆ ತಟ್ಟಿದವರು ಟೈಲರ್ ಸಾಬರು.

ಮರುದಿನ ಶೇರ್ವಾನಿ ಹಿಂತಿರುಗಿಸಲು ಹೋದೆ. ಭಂಡ ನಾನು, "ನೀವೇ ಜಾಸ್ತಿ ನಕ್ಕಿರಲ್ಲ" ಎಂದೂ ಅಂದೆ.

ಅವರು ಹರಿದ ಜಾಗವನ್ನು ಸವರುತ್ತಾ ತಲೆ ಎತ್ತದೆ ಹೇಳಿದರು: "ನಗದೆ ಏನ್ಮಾಡ್ಲಿ? ಟಾಕೀಸ್ನಾಗಾದ್ರೆ ಕತ್ಲೆ ಇರ್ತೈತೆ, ಸುಮ್ಕೆ ಕೂತಿದ್ರೂ ಯಾರ್ಗೂ ಕಾಣಲ್ಲ. ನಿಮ್ ಪೆಂಡಾಲ್ನಾಗೆ ಅಷ್ಟೊಂದು ಲೈಟ್ ಹಾಕ್ಸಿದ್ರಿ. ನಾನು ನಗದಿದ್ರೆ ಎಲ್ರೂ ನನ್ನೇ ನೋಡೋರು ಮೇಷ್ಟ್ರೇ."

ತಪ್ಪಾಯಿತು ಎಂದೂ ಹೇಳದೆ ಅಂಗಡಿಯಿಂದ ಎದ್ದು ಬಂದೆ. ಆಮೇಲೆ ಆ ಬೀದಿಯನ್ನೇ ತಪ್ಪಿಸಿ ಓಡಾಡಿದೆ. ಕೊರಟಗೆರೆಗೆ ವರ್ಗವಾದಾಗ ಸದ್ಯ ಬಚಾವಾದೆ ಎನ್ನಿಸಿತು.

ಏಳೆಂಟು ವರ್ಷ ಕಳೆದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಹೋದೆ. ಕಾಲೇಜು ಓದುತ್ತಿದ್ದ ಮಗಳು ಟೀ ತಂದುಕೊಟ್ಟಳು. "ನಾಟಕದ ಮೇಷ್ಟ್ರು ನೀವೇ ಅಲ್ವಾ ಸಾರ್? ನಮ್ ಅಬ್ಬಾ ಯಾವಾಗ್ಲೂ ಹೇಳೋರು, ಮೇಷ್ಟ್ರು ನಮ್ ಶೇರ್ವಾನಿ ಹಾಕ್ಕಂಡು ನವಾಬ ಆಗಿದ್ರು, ಜನ ಎದ್ದು ನಿಂತು ಚಪ್ಪಾಳೆ ಹೊಡುದ್ರು ಅಂತ."

ಮಗಳಿಗಾಗಿ ಆ ಮನುಷ್ಯ ನನ್ನ ಸುಳ್ಳನ್ನೇ ಇಷ್ಟು ವರ್ಷ ನಿಜ ಮಾಡಿಟ್ಟಿದ್ದರು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೌದಮ್ಮ, ನವಾಬನೇ" ಎಂದೆ.