ಅಕ್ಕನ ದಾರಿ ಕೇಸು

ಅಕ್ಕ ನಂಬಿ ಒಪ್ಪಿಸಿದ ಕೇಸಿಗೆ ನಾನು ಹೋಗಲಿಲ್ಲ. ಒಂದಲ್ಲ, ನಾಲ್ಕು ವಾಯಿದೆ ತಪ್ಪಿಸಿದೆ. ಪ್ರತಿ ಸಲವೂ ಫೋನಿನಲ್ಲಿ "ಮುಂದಕ್ಕೆ ಹಾಕ್ಯಾರೆ ಅಕ್ಕಾ" ಅಂದೆ.

ಸಾಸ್ವೆಹಳ್ಳಿಯಲ್ಲಿ ಅವಳ ಪಾಲಿಗೆ ಬಂದ ಹೊಲಕ್ಕೆ ಗಾಡಿ ಹೋಗುವ ದಾರಿಯನ್ನು ಪಕ್ಕದ ಹೊಲದ ಮಾವ ಮುಳ್ಳು ಹಾಕಿ ಮುಚ್ಚಿದ್ದರು. ಅಕ್ಕ ಇರುವುದು ಜಗಳೂರಿನಲ್ಲಿ. ಹೊನ್ನಾಳಿ ಕೋರ್ಟಿಗೆ ಬಂದು ಹೋಗುವುದು ಕಷ್ಟ ಅಂತ ನನಗೆ ಅಧಿಕಾರಪತ್ರ ಬರೆದುಕೊಟ್ಟಳು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಅದನ್ನು ಊರಿಗೆಲ್ಲ ತೋರಿಸಿದ್ದೆ.

ಆದರೆ ದೀಪಾವಳಿ ಕಳೆದರೆ ನಮ್ಮ ಕಡೆ ಹೋರಿ ಬೆದರಿಸುವ ಹಬ್ಬ ಶುರುವಾಗುತ್ತದೆ. ಕೊಬ್ಬರಿ ಹಾರ, ಬಲೂನು ಕಟ್ಟಿಸಿಕೊಂಡ ಹೋರಿ ಜನರ ನಡುವೆ ನುಗ್ಗಿ ಓಡುವುದನ್ನು ಕಂಡರೆ ನನಗೆ ಬೇರೇನೂ ನೆನಪಿರುವುದಿಲ್ಲ. ನ್ಯಾಮತಿ ಕಡೆ ಹೋದರೆ ಅಲ್ಲಿ ಮುಳ್ಳು ಹಾಕಿದ ಮಾವನೇ ಎದುರಾಗುತ್ತಿದ್ದರು. ಅವರ ಹೋರಿಯೂ ಓಡುತ್ತಿತ್ತು.

"ಇವತ್ತು ನಮ್ಮ ವಾಯಿದೆ ಐತಲ್ಲೋ?"

"ನೀವೂ ಇಲ್ಲೇ ಅದೀರಲ್ಲ ಮಾವಾ!"

"ಹಂಗಾದ್ರೆ ಜಡ್ಜ್ ಸಾಹೇಬ್ರಿಗೆ ಆರಾಮು ಬಿಡು. ಬಾ, ಹಗ್ಗ ಹಿಡಿ."

ಹಿಡಿದೆ. ಆ ಸಲ ಮಾವನ ಹೋರಿ, ಹಾರ ಕೀಳಲು ಮುಗಿಬಿದ್ದ ಯಾರ ಕೈಗೂ ಒಂದು ಕೊಬ್ಬರಿ ಬಿಟ್ಟುಕೊಡಲಿಲ್ಲ. ಇಬ್ಬರೂ ಕುಣಿದೆವು.

ಬೇಸಿಗೆಯಲ್ಲಿ ವಕೀಲರ ಫೋನು ಬಂತು. "ಸಾಕ್ಷಿ ಹೇಳೋನೇ ಬರದಿದ್ರೆ ಎಷ್ಟು ಸಲ ಕಾಯ್ತಾರ್ರೀ? ದಾವೆ ವಜಾ ಆತು." ಮತ್ತೆ ನಡೆಸಿ ಅಂತ ಅರ್ಜಿ ಹಾಕಲು ಒಂದು ತಿಂಗಳು ಇತ್ತು. ಹೆದರಿಕೊಂಡು ಅದನ್ನೂ ಕಳೆದೆ.

ಕೊನೆಗೆ ಮಾವನ ಮುಂದೆ ಅತ್ತುಬಿಟ್ಟೆ. ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ನನ್ ಹೋರಿ ಹಗ್ಗ ಹಿಡಿದೋನ ಅಕ್ಕ ಸುತ್ತು ಹಾಕಿ ಹೋಗ್ಬೇಕಾ? ಕುಡುಗೋಲು ತಗಂಬಾ." ಅವತ್ತೇ ಇಬ್ಬರೂ ಸೇರಿ ಮುಳ್ಳು ಎಳೆದು ಹಾಕಿದೆವು.

ಮುಂದಿನ ವಾರ ಅಕ್ಕ ಬಂದಳು. ದಾರಿ ತೆರೆದಿರುವುದು ಕಂಡಿದ್ದೇ ತಡ, ಮನೆಗೆ ಬಂದು ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದಳು. "ನನ್ ತಮ್ಮ ಕೇಸ್ ಗೆದ್ದ!" ಹೋಳಿಗೆ ತಿನ್ನಲು ಬಂದ ಮಾವ ಬಾಯಿಗೆ ಟವೆಲ್ ಅಡ್ಡ ಹಿಡಿದು ನಗುತ್ತಿದ್ದರು.

"ತೀರ್ಪಿನ ಕಾಗದ ಕೊಡೋ. ಕಟ್ಟು ಹಾಕಿಸಿ ದೇವರ ಫೋಟೋ ಪಕ್ಕ ತೂಗಿ ಹಾಕ್ತೀನಿ."

ತಿನ್ನುತ್ತಿದ್ದ ಹೋಳಿಗೆ ಕೆಳಗಿಟ್ಟು ಎದ್ದೆ. ವಕೀಲರು ಕೊಟ್ಟಿದ್ದ ಕೋರ್ಟಿನ ಕಾಗದವನ್ನು ಪೆಟ್ಟಿಗೆಯಿಂದ ತಂದು ಅವಳ ಕೈಗಿಟ್ಟೆ. ಓದುವ ಮೊದಲೇ, ಓಣಿಯವರೆಲ್ಲ ಕೇಳುವ ಹಾಗೆ ಹೇಳಿದೆ:

"ಅಕ್ಕಾ, ಗೆದ್ದಿಲ್ಲ, ವಜಾ ಆಗೈತೆ. ನಾನು ಹೋರಿ ನೋಡಾಕೆ ಹೋಗಿದ್ದೆ. ದಾರಿ ಬಿಟ್ಟಿದ್ದು ಮಾವ. ನಿನಗೆ ಸುಳ್ಳು ಹೇಳ್ದೆ, ತಪ್ಪಾತಕ್ಕಾ."