ಚಾಚಾನ ಮನೆಯ ಚಹಾ

ಲಕ್ಷ್ಮೇಶ್ವರದ ನಮ್ಮ ಓಣಿಯಲ್ಲಿ ಗಾದಿ ಹೊಲಿಯುತ್ತಿದ್ದ ಚಾಚಾ, ಜಗಳಕ್ಕೆ ಬಂದವರಿಗೂ ಗಡ್ಡದ ಹತ್ತಿ ಝಾಡಿಸಿಕೊಳ್ಳುತ್ತ, "ಮೊದ್ಲ ಚಾ ಕುಡೀರಿ" ಅನ್ನುತ್ತಿದ್ದರು.

ಪುರಸಭೆಯವರು ಹಳೆ ರಸ್ತೆಯ ಮೇಲೇ ಹೊಸ ರಸ್ತೆ ಹಾಕುತ್ತ ಹೋದಂತೆ ಚಾಚಾನ ಮನೆ ತಗ್ಗಿಗೆ ಬಿದ್ದಿತ್ತು. ಮಳೆ ಬಂದರೆ ನೀರೆಲ್ಲ ಒಳಗೆ, ಹತ್ತಿ ತೊಯ್ದು ಮುದ್ದೆ. ಮತ್ತೆ ರಸ್ತೆ ಏರಿಸಲು ಇಂಜಿನಿಯರ್ ಅಳತೆಗೆ ಬಂದಾಗ ನಾವೆಲ್ಲ ಬಾಯಿ ಮಾಡಿದೆವು. ಚಾಚಾ ಮಾತ್ರ ಅವರ ಕೈಹಿಡಿದು, "ಸಾವಕಾಶ ಇಳೀರಿ ಸಾಹೇಬ್ರ, ತಲಿ ಬಡದೀತು" ಎಂದು ಒಳಗೆ ಕರೆದೊಯ್ದು, ಗಾದಿಯ ಮೇಲೆ ಕೂರಿಸಿ ಚಹಾ ಕೊಟ್ಟರು.

ಸಾಹೇಬರು ಎದ್ದಾಗ ಪ್ಯಾಂಟಿನ ಹಿಂಬದಿಯೆಲ್ಲ ಒದ್ದೆ. ಹೊರಗೆ ಬಂದವರೇ, "ಮೊದ್ಲ ಹಳೇ ರಸ್ತಾ ಅಗದು ತಗೀರಿ" ಎಂದು ಕಾಂಟ್ರ್ಯಾಕ್ಟರನಿಗೆ ಹೇಳಿದರು.

"ಬೇಕಂತನ ಹಸಿ ಗಾದಿ ಮ್ಯಾಲೆ ಕುಂಡ್ರಿಸಿದ್ರೇನ್ ಚಾಚಾ?" ಎಂದು ನಾನು ನಕ್ಕೆ.

ಚಾಚಾ ನಗಲಿಲ್ಲ. "ಒಣಾ ಗಾದಿ ಮನ್ಯಾಗ ಎಲ್ಲಿತ್ತಪಾ?"