ಮೊಲದ ತ್ಯಾಗ, ಅಡುಗೆಯಕ್ಕನ ಕಾಲು

ನಮ್ಮ ಶಾಲೆಯ ಹೆಡ್‌ಮಾಸ್ಟರರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸಬೇಕೆಂಬ ಆತುರವೂ ನನಗಿಲ್ಲ.

ಸುಳ್ಯದ ಒಂದು ಹಳ್ಳಿ ಶಾಲೆಗೆ ಟೀಚರಾಗಿ ಸೇರಿದಾಗ ನನಗೆ ಮೊದಲು ಹಿಡಿಸಿದ್ದು ಅವರು ಹೇಳುವ ಕಥೆಗಳೇ. ಪ್ರತಿ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಒಂದು ಜಾತಕ ಕಥೆ. ಬುದ್ಧ ಹಿಂದಿನ ಜನ್ಮಗಳಲ್ಲಿ ಜಿಂಕೆಯಾಗಿ, ಆನೆಯಾಗಿ, ಮಂಗನಾಗಿ ಬಾಳಿದ ಕಥೆಗಳು. ಮಂಗಗಳ ರಾಜ ತನ್ನ ಬೆನ್ನನ್ನೇ ಸೇತುವೆ ಮಾಡಿ ಬಳಗವನ್ನು ದಾಟಿಸಿದ್ದನ್ನು ಅವರು ಹೇಳಿದ ದಿನ, ತೋಟದ ಮಂಗಗಳಿಗೆ ಪಟಾಕಿ ಹೊಡೆದು ಬಂದ ಮಕ್ಕಳೂ ಅಲುಗಾಡದೆ ಕೇಳಿದರು.

ಒಂದು ವರ್ಷ ಕಳೆಯುವಷ್ಟರಲ್ಲಿ ಆ ಕಥೆಗಳ ಬಳಕೆ ನನಗೆ ಅರ್ಥವಾಯಿತು. ರಜೆ ಕೇಳಿದರೆ, ಮಂಗನ ಕಾಟವನ್ನು ಸಹಿಸಿಕೊಂಡ ಕಾಡುಕೋಣದ ಕಥೆ. ಶೌಚಾಲಯಕ್ಕೆ ನೀರಿಲ್ಲವೆಂದು ನಾವು ಮೂವರು ಟೀಚರುಗಳು ದೂರು ಕೊಟ್ಟಾಗ, ಒಟ್ಟಾಗಿ ಬಲೆ ಎತ್ತಿಕೊಂಡು ಹಾರುತ್ತಿದ್ದ ಹಕ್ಕಿಗಳು ಜಗಳಾಡಿ ಸಿಕ್ಕಿಬಿದ್ದ ಕಥೆ. ನೀರು ಮಾತ್ರ ಬರಲಿಲ್ಲ.

ಬಿಸಿಯೂಟದ ಇಬ್ಬರು ಅಡುಗೆಯವರಲ್ಲಿ ಒಬ್ಬರು ಒಂದು ಶುಕ್ರವಾರ ಬಂದಿರಲಿಲ್ಲ. ಇನ್ನೊಬ್ಬರನ್ನು ನಾವೆಲ್ಲ ಅಡುಗೆಯಕ್ಕ ಎನ್ನುತ್ತಿದ್ದೆವು. ನಾನು ಆಫೀಸಿನಲ್ಲಿ ಹಾಜರಿ ಪುಸ್ತಕ ತೆಗೆದುಕೊಳ್ಳುತ್ತಿದ್ದಾಗ ಅವರು ಬಾಗಿಲಲ್ಲಿ ಬಂದು ನಿಂತರು.

"ಸಾರ್, ಗಂಜಿ ಬಸಿಯುದಕ್ಕೆ ಒಬ್ಬರು ಬೇಕಿತ್ತು. ಅಷ್ಟು ದೊಡ್ಡ ಪಾತ್ರೆ ನನ್ನೊಬ್ಬಳ ಕೈಯಲ್ಲಿ ಆಗುದಿಲ್ಲ."

"ಇಷ್ಟು ವರ್ಷದಿಂದ ಮಾಡುವವರಿಗೆ ಇದೆಂತ ದೊಡ್ಡದು? ಹೇಗಾದ್ರೂ ಸುಧಾರಿಸಿ," ಎಂದರು ಹೆಡ್‌ಮಾಸ್ಟರು, ತಲೆ ಎತ್ತದೆ.

ನಾನು ಪುಸ್ತಕ ಹಿಡಿದು ಕ್ಲಾಸಿಗೆ ಹೋದೆ.

ಮುಕ್ಕಾಲು ಗಂಟೆಯಲ್ಲಿ ಕಿರುಚಾಟ ಕೇಳಿತು. ಓಡಿ ಹೋದರೆ ಪಾತ್ರೆ ವಾಲಿತ್ತು, ಅಡುಗೆಯಕ್ಕ ನೆಲದ ಮೇಲೆ ಕೂತಿದ್ದರು. ಕುದಿಯುವ ಗಂಜಿನೀರು ಎರಡೂ ಪಾದಗಳ ಮೇಲೆ ಚೆಲ್ಲಿತ್ತು. ಶಾಲೆಯೆದುರು ಅಂಗಡಿ ಇಟ್ಟಿದ್ದ ಬ್ಯಾರಿ ಕಾಕ ನಮ್ಮ ಶಾಲಾ ಸಮಿತಿಯ ಅಧ್ಯಕ್ಷರೂ ಹೌದು. ಅವರು ಅಂಗಡಿಯನ್ನು ತೆರೆದಂತೆಯೇ ಬಿಟ್ಟು ಜೀಪು ತಂದರು, ನಾನೂ ಜೊತೆಗೆ ಹತ್ತಿದೆ. ಆಸ್ಪತ್ರೆ ತಲುಪುವವರೆಗೂ ಅಡುಗೆಯಕ್ಕ ನನ್ನ ಮುಖ ನೋಡಲಿಲ್ಲ.

ಸೋಮವಾರ ಹೆಡ್‌ಮಾಸ್ಟರು ಮೊಲದ ಕಥೆ ಹೇಳಿದರು. ಹಸಿದು ಬಂದ ಬ್ರಾಹ್ಮಣನಿಗೆ ಕೊಡಲು ಏನೂ ಇಲ್ಲದೆ ತನ್ನ ಮೈಯನ್ನೇ ಕೊಡಲೆಂದು ಬೆಂಕಿಗೆ ಹಾರಿದ ಮೊಲ. "ನಮ್ಮ ಅಡುಗೆಯಕ್ಕನೂ ಹಾಗೆಯೇ, ನಿಮ್ಮ ಹೊಟ್ಟೆಗೋಸ್ಕರ ನೋವು ತಿಂದವರು. ಚಪ್ಪಾಳೆ ತಟ್ಟಿ," ಎಂದರು. ಮಕ್ಕಳು ತಟ್ಟಿದರು. ಏಳನೆಯ ತರಗತಿಯ ಒಬ್ಬ ಹುಡುಗಿ ಮಾತ್ರ ಎದ್ದು ಕೇಳಿದಳು: "ಸಾರ್, ಮೊಲಕ್ಕೆ ಬೆಂಕಿ ತಣ್ಣಗಿತ್ತು ಅಂತ ಪುಸ್ತಕದಲ್ಲಿ ಉಂಟು. ಅಕ್ಕನ ಕಾಲು ಯಾಕೆ ಬೆಂದದ್ದು?"

"ಕೂತ್ಕೋ," ಎಂದರು.

ಅದೇ ಮಧ್ಯಾಹ್ನ ನನ್ನನ್ನು ಕರೆದು ಒಂದು ವರದಿ ಮುಂದಿಟ್ಟರು. ಸಾಕ್ಷಿಯಾಗಿ ನನ್ನ ಸಹಿ ಬೇಕಿತ್ತು. ಓದಿದೆ. 'ಅಡುಗೆಯವರ ಸ್ವಂತ ಅಜಾಗರೂಕತೆಯಿಂದ' ಎಂದು ಅವರದೇ ಮುದ್ದಾದ ಅಕ್ಷರದಲ್ಲಿ ಬರೆದಿತ್ತು.

"ಬೆಳಿಗ್ಗೆ ತ್ಯಾಗ, ಮಧ್ಯಾಹ್ನ ಅಜಾಗರೂಕತೆಯಾ ಸಾರ್?"

"ಎಂತ ಟೀಚರೇ, ಕಥೆ ಬೇರೆ, ಕಾಗದ ಬೇರೆ. ಮೇಲಿನವರು ನನ್ನನ್ನು ಕೇಳ್ತಾರೆ, ನಿಮ್ಮನ್ನಲ್ಲ. ಸಹಿ ಹಾಕಿ."

"ಆ ಮೊಲ ಹಾರುವ ಮೊದಲು ಮೂರು ಸಲ ಮೈ ಕೊಡವಿತ್ತು ಸಾರ್, ರೋಮದೊಳಗಿನ ಹುಳುಗಳು ಸುಟ್ಟುಹೋಗಬಾರದು ಅಂತ. ಅದನ್ನು ನೀವು ಯಾವತ್ತೂ ಹೇಳುದಿಲ್ಲ. ನೀವು ಬೆಂಕಿಯ ಹತ್ತಿರ ಹೋಗದೆ ಹುಳುಗಳನ್ನು ಮಾತ್ರ ಕಳಿಸ್ತೀರಿ."

ಅವರ ಮುಖ ಕೆಂಪಾಯಿತು. ನಾನು ಸಹಿ ಹಾಕದೆ ಎದ್ದೆ. ದೊಡ್ಡ ಕೆಲಸ ಮಾಡಿದೆನೆಂಬ ಬಿಸಿಯಲ್ಲೇ ಆ ಸಂಜೆ ಅಡುಗೆಯಕ್ಕನ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಬಟ್ಟೆ ಸುತ್ತಿದ ಕಾಲುಗಳನ್ನು ಚಾಪೆಯ ಮೇಲೆ ಚಾಚಿ ಕೂತಿದ್ದ ಅವರು ಪೂರ್ತಿ ಕೇಳಿಸಿಕೊಂಡರು.

"ಮೊಲ ತಾನಾಗಿ ಹಾರಿದ್ದು. ನಾನು ಆಗುದಿಲ್ಲ ಅಂತ ಬಾಯಿಬಿಟ್ಟು ಹೇಳಿದ್ದೆ," ಎಂದರು. ಆಮೇಲೆ, "ನೀವೂ ಅಲ್ಲೇ ಇದ್ರಲ್ಲ ಟೀಚರೇ. ಕೇಳಿಸಿತ್ತು ನಿಮಗೆ. ಎರಡು ನಿಮಿಷದ ಕೆಲಸ. ಈಗ ಯಾಕೆ ಬಂದದ್ದು?"

ಚಹಾ ಕೂಡ ಕುಡಿಯದೆ ವಾಪಸು ಬಂದೆ. ಅವರು ಕೊಡುತ್ತೇನೆಂದೂ ಹೇಳಿರಲಿಲ್ಲ.

ಮರುದಿನ ನನ್ನದೇ ಹೇಳಿಕೆ ಬರೆದೆ. ಅವರು ಸಹಾಯ ಕೇಳಿದ್ದು, ಹೆಡ್‌ಮಾಸ್ಟರು ಕೊಡದಿದ್ದದ್ದು, ಕೇಳಿಸಿಕೊಂಡ ನಾನೂ ಸುಮ್ಮನೆ ಹೋದದ್ದು, ಮೂರನ್ನೂ ಬರೆದೆ. ಕಾಗದವನ್ನು ಕಾಕನ ಅಂಗಡಿಗೆ ಕೊಂಡುಹೋದೆ. ಅವರು ಸಮಿತಿಯ ಸಭೆ ಕರೆದರು. ಹೆಡ್‌ಮಾಸ್ಟರು ಒಗ್ಗಟ್ಟಿನ ಬಗ್ಗೆ ಏನೋ ಶುರು ಮಾಡಿದಾಗ ಕಾಕ ಕೈ ಎತ್ತಿದರು: "ಕಥೆ ಮತ್ತೆ ಕೇಳುವ ಮಾರಾಯ್ರೆ. ಮೊದಲು ಇದನ್ನು ಜೋರಾಗಿ ಓದಿ."

ಓದಬೇಕಾಯಿತು. ವರದಿಯಿಂದ ಅಜಾಗರೂಕತೆಯ ಸಾಲು ಹೋಯಿತು, ಚಿಕಿತ್ಸೆಗೆ ಅರ್ಜಿ ಹೋಯಿತು. ಪಾತ್ರೆ ಇಳಿಸುವಾಗ ಇಬ್ಬರಿರಲೇಬೇಕೆಂಬ ನಿಯಮ ಬಂತು. ಎರಡು ತಿಂಗಳ ಮೇಲೆ ಅಡುಗೆಯಕ್ಕ ಕೆಲಸಕ್ಕೆ ಮರಳಿದರು. ನನ್ನೊಡನೆ ಬೇಕಾದಷ್ಟೇ ಮಾತು. ಅದು ನ್ಯಾಯವೇ.

ಹೆಡ್‌ಮಾಸ್ಟರು ಕಡಬದ ಕಡೆಗೆ ವರ್ಗವಾಗುವವರೆಗೂ ನನ್ನೊಡನೆ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಬೀಳ್ಕೊಡುಗೆಯ ದಿನ ಎಲ್ಲರಿಗೂ ಕೈಮುಗಿಯುತ್ತ ನನ್ನ ಮುಂದೆಯೂ ಬಂದು ನಿಂತರು. ನನ್ನ ಎರಡು ಕೈಗಳೂ ಖಾಲಿಯೇ ಇದ್ದವು. ಆದರೂ ಎತ್ತಲಿಲ್ಲ.